ನಾಗಪಾಡಾದ ಅಂಗಳದಲ್ಲಿ ಹುಟ್ಟಿದ ಶಾಲೆ

ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್, ಎಲ್ಲರ ಬಾಯಲ್ಲಿರುವ ‘ಟಿಸ್’ ಅಂದರೆ, ಕಣ್ಣಿಗೆ ಬರುವುದು ಮುಂಬೈಯ ದೇವನಾರ್‌ನ ಹಸಿರು ಕ್ಯಾಂಪಸ್ಸು, ಪ್ರವೇಶ ಪರೀಕ್ಷೆ, ಈಚಿನ ವರ್ಷಗಳಲ್ಲಿ ಪತ್ರಿಕೆಗೆ ಬಿದ್ದ ಗಲಾಟೆಗಳು. ಆದರೆ ದೇಶದ ಮೊದಲ ಸಮಾಜಕಾರ್ಯ ಶಾಲೆಯಾದ ಇದು ಹುಟ್ಟಿದ್ದು ದೇವನಾರ್‌ನಲ್ಲಲ್ಲ, ನಾಗಪಾಡಾದಲ್ಲಿ. ಬೈಕುಲಾ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ, ಕಾಮಾಟಿಪುರದ ಮಗ್ಗುಲಲ್ಲಿರುವ, ಗ್ಯಾರೇಜು, ಗುಜರಿ, ಕಬಾಬಿನ ಹೊಗೆ, ಮಸೀದಿಯ ಬಾಂಗು ಎಲ್ಲವೂ ಒಂದೇ ಬೀದಿಯಲ್ಲಿ ಕಲೆಯುವ ಮೊಹಲ್ಲಾ ಅದು. ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಹೋಗಿಬಂದೆ. ಸಮಾಜಕಾರ್ಯದ ಶಾಲೆಯೊಂದು ವರ್ಷಕ್ಕೆ ಎಷ್ಟು ಮುಂದೆ ಹೋಯಿತು ಅನ್ನುವುದನ್ನು ಅಳೆಯುವ ನಮ್ಮ ಕ್ರಮವೇ ಸರಿಯಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಅಂದೇ.

ಜೊತೆಗೆ ಬಂದವಳು ಅಥಣಿ ಕಡೆಯ ಹುಡುಗಿ. ಮುಂಬೈಯಲ್ಲಿ ಸಮಾಜಕಾರ್ಯದ ಎಂ.ಎ. ಮಾಡುತ್ತಿದ್ದಾಳೆ. ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್, ಉಳಿದ ದಿನ ತರಗತಿ. ಅವಳ ಪ್ಲೇಸ್‌ಮೆಂಟ್ ಆಗಿರುವುದು ಆ ಭಾಗದ ಮಕ್ಕಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ. “ಹಿಂಗ ಬರ್ರಿ ಸರ, ಪೈಪ್ ನೋಡಿ ಕಾಲಿಡ್ರಿ” ಅನ್ನುತ್ತ ಗಲ್ಲಿಯಿಂದ ಗಲ್ಲಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಯಾರೋ ಅವಳನ್ನು ‘ದೀದಿ’ ಎಂದು ಕೂಗುತ್ತಿದ್ದರು.

ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗ ಚೀಲದಿಂದ ಒಂದು ಉದ್ದ ನೋಟ್‌ಬುಕ್ ತೆಗೆದಳು. ಫೀಲ್ಡ್ ವರ್ಕ್ ರೆಕಾರ್ಡು. ಎಡಪುಟದಲ್ಲಿ ನಡೆದದ್ದು, ಬಲಪುಟದಲ್ಲಿ ಅವಳಿಗೆ ಅನ್ನಿಸಿದ್ದು, ಅಂಚಿನಲ್ಲಿ ಸೂಪರ್‌ವೈಸರ್ ಅವರ ಕೆಂಪು ಶಾಯಿ. ಹೆಸರುಗಳ ಜಾಗದಲ್ಲಿ ಬರೀ ಒಂದೊಂದು ಅಕ್ಷರ. ಯಾರದೋ ಬದುಕು ಬೇರೆಯವರ ಕೈಗೆ ಸಿಗಬಾರದೆಂಬ ಎಚ್ಚರ. ಒಂದು ಪುಟವನ್ನಷ್ಟೇ ಓದಿ ಹೇಳಿದಳು. ಒಬ್ಬ ತಾಯಿಯ ಮಗುವನ್ನು ಶಾಲೆಗೆ ಸೇರಿಸಬೇಕಿತ್ತು, ವಿಳಾಸದ ದಾಖಲೆ ಇರಲಿಲ್ಲ. ಇವಳು ಅರ್ಜಿ ಹಿಡಿದು ಹೋಗಿದ್ದಾಳೆ. ಮರಾಠಿ, ಹಿಂದಿಯಲ್ಲಿ ಮಾತು ಕುಂಟುತ್ತಿತ್ತು. ಫೋನು ಬಂತೆಂದು ಇವಳು ಮನೆಯವರ ಜೊತೆ ಕನ್ನಡದಲ್ಲಿ ಎರಡು ಮಾತಾಡಿದ್ದೇ ತಡ, ಆ ಹೆಂಗಸು ಬಾಗಿಲಿಗೆ ಬಂದು ನಿಂತರಂತೆ.

“ಯಾವೂರ ತಂಗಿ ನಿಂದು?”

“ಅಥಣಿ ಕಡೀಯಾಕಿರೀ ಅಕ್ಕಾ.”

“ನಾ ಜಮಖಂಡಿ ಕಡೀಯಾಕಿ. ಈ ವರ್ಷ ಮಳಿ ಹೆಂಗ ಆತು ಅಲ್ಲಿ?”

ಆಮೇಲೆ ಬಹಳ ಹೊತ್ತು ಮಳೆ, ಜೋಳ, ಕೃಷ್ಣಾ ಹೊಳೆಯ ನೀರು, ಸವದತ್ತಿಯ ಜಾತ್ರೆ. ಅರ್ಜಿ ಹಾಗೇ ಉಳಿಯಿತು. ಬಲಪುಟದಲ್ಲಿ ಹುಡುಗಿ ಬರೆದುಕೊಂಡಿದ್ದಳು: ಇವತ್ತು ಕೆಲಸ ಆಗಲಿಲ್ಲ. ಅದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಇಷ್ಟೇ ಇತ್ತು: ‘ಆಗಿದೆ. ಮುಂದಿನ ವಾರ ಮತ್ತೆ ಹೋಗು.’ ಮುಂದಿನ ವಾರ ಆ ತಾಯಿ ತಾವಾಗಿಯೇ ಟ್ರಂಕಿನ ತಳದಿಂದ ಮಗುವಿನ ಆಸ್ಪತ್ರೆಯ ಚೀಟಿ ತೆಗೆದು ಕೊಟ್ಟಿದ್ದಾರೆ. ಅದರ ಮೇಲೆ ಉಳಿದ ಕಾಗದಗಳು ಒಂದೊಂದಾಗಿ ಆದವು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ದೇವದಾಸಿ ಪದ್ಧತಿಯ ಹೆಸರಿನಲ್ಲಿ ಇಲ್ಲಿಯ ವೇಶ್ಯಾವಾಟಿಕೆಗೆ ಬಂದು ಬಿದ್ದ ಹೆಣ್ಣುಮಕ್ಕಳ ವಿಷಯ ನಮಗೆ ಗೊತ್ತಿಲ್ಲದ್ದಲ್ಲ. ನಮ್ಮ ರಾಜ್ಯ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದದ್ದು 1982ರಲ್ಲಿ. ಕಾಯ್ದೆ ಬಂದ ಮೇಲೂ ಉಳಿದುಹೋದ ಬದುಕುಗಳ ಬಾಗಿಲು ತಟ್ಟುವವರು ಇಂಥ ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯಗಳ ವಾರ್ಷಿಕ ವರದಿಯಲ್ಲಿ ‘ಫಲಾನುಭವಿಗಳ ಸಂಖ್ಯೆ’ ಎಂಬ ಕಾಲಂ ಇರುತ್ತದೆ. ಮಳೆಯ ಮಾತು ಆಡಿದ ಆ ಮಧ್ಯಾಹ್ನವನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ?

ಶಾಲೆಯ ಕಥೆಗೆ ಬರುತ್ತೇನೆ. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಮಿಷನರಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದಿದವರು, 1925ರಲ್ಲಿ ಮುಂಬೈಗೆ ಬಂದರು. 1927ರಲ್ಲಿ ಅಮೆರಿಕನ್ ಮರಾಠಿ ಮಿಷನ್ನಿನ ಆಶ್ರಯದಲ್ಲಿ ‘ನಾಗಪಾಡಾ ನೇಬರ್‌ಹುಡ್ ಹೌಸ್’ ತೆರೆದರು. ಗಿರಣಿ ಕೆಲಸಗಾರರ ಮೊಹಲ್ಲಾದ ನಡುವೆಯೇ ಇದ್ದುಕೊಂಡು ನೆರೆಹೊರೆಗೆ ಬೇಕಾದ್ದನ್ನು ಮಾಡುವ ಮನೆ ಅದು. ಸರ್ ದೊರಾಬ್ಜಿ ಟಾಟಾ ತೀರಿಕೊಂಡದ್ದು 1932ರಲ್ಲಿ. ಅವರು ಬಿಟ್ಟುಹೋದ ಸಂಪತ್ತಿನ ಟ್ರಸ್ಟು ಮ್ಯಾನ್‌ಶಾರ್ಟ್ ಅವರ ಮಾತು ಕೇಳಿತು. 1936ರಲ್ಲಿ ಅದೇ ಮನೆಯಲ್ಲಿ 20 ವಿದ್ಯಾರ್ಥಿಗಳೊಂದಿಗೆ ‘ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್’ ಶುರುವಾಯಿತು. ಮರುವರ್ಷವೇ ಮಕ್ಕಳ ಮನಸ್ಸಿನ ತೊಂದರೆಗಳಿಗಾಗಿ ಒಂದು ಚೈಲ್ಡ್ ಗೈಡೆನ್ಸ್ ಕ್ಲಿನಿಕ್, 1940ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಸೋಶಿಯಲ್ ವರ್ಕ್’. ಮ್ಯಾನ್‌ಶಾರ್ಟ್ ನಂತರ ಜೆ.ಎಂ. ಕುಮಾರಪ್ಪ ನಿರ್ದೇಶಕರಾದರು, ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪನವರ ಸಹೋದರ. 1944ರಲ್ಲಿ ಈಗಿನ ಹೆಸರು, 1954ರಲ್ಲಿ ನೆಹರೂ ಉದ್ಘಾಟಿಸಿದ ದೇವನಾರ್ ಕ್ಯಾಂಪಸ್ಸು, 1964ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ. ಆ ಸ್ಥಾನ ಬಂದಾಗ ನಿರ್ದೇಶಕರಾಗಿದ್ದು ಇಪ್ಪತ್ತು ವರ್ಷ ಸಂಸ್ಥೆಯನ್ನು ನಡೆಸಿದ ಎಂ.ಎಸ್. ಗೋರೆ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಧಾರವಾಡ ಸೀಮೆಯಲ್ಲಿ ಈ ಮಾತನ್ನು ಇನ್ನಷ್ಟು ಜನ ಹೇಳಿಕೊಳ್ಳಬೇಕು.

ಇಷ್ಟನ್ನು ಯಾವ ಕಡತದಲ್ಲಾದರೂ ಓದಬಹುದು. ನನ್ನ ತಲೆಗೆ ಹತ್ತಿದ್ದು ಬೇರೆ, ನಾಗಪಾಡಾದ ಬಾಸ್ಕೆಟ್‌ಬಾಲ್.

ಮುಂಬೈಯ ಉಳಿದೆಡೆ ಹುಡುಗರು ಕ್ರಿಕೆಟ್ ಬ್ಯಾಟು ಹಿಡಿದು ಓಡಾಡಿದರೆ ಇಲ್ಲಿಯ ಹುಡುಗರ ಕಂಕುಳಲ್ಲಿ ಕಿತ್ತಳೆ ಬಣ್ಣದ ಚೆಂಡು. ಸಂಜೆ ಬಚ್ಚೂ ಖಾನ್ ಮೈದಾನದ ಹತ್ತಿರ ನಿಂತೆವು. ಎಂಟು-ಹತ್ತು ವರ್ಷದ ಹುಡುಗ ಹವಾಯಿ ಚಪ್ಪಲಿ ಪಕ್ಕಕ್ಕೆ ಬಿಟ್ಟು, ಬರಿಗಾಲಲ್ಲಿ ಸಿಮೆಂಟಿನ ಮೇಲೆ ಚೆಂಡು ಪುಟಿಸುತ್ತ ತನಗಿಂತ ಎರಡರಷ್ಟು ಎತ್ತರದವರ ನಡುವೆ ನುಸುಳುತ್ತಿದ್ದ. ಗೆರೆಯಾಚೆ ಕೂತಿದ್ದ ಹಿರಿಯರೊಬ್ಬರು “ಎಡಗೈ, ಎಡಗೈ!” ಎಂದು ಹಿಂದಿಯಲ್ಲಿ ಕೂಗುತ್ತಿದ್ದರು. ಅವರೂ ಆಡಿದವರೇ, ಈಗ ಮೊಣಕಾಲು ಕೇಳುವುದಿಲ್ಲ, ಆದರೆ ಸಂಜೆ ಮನೆಯಲ್ಲಿ ಕೂರಲಾಗುವುದಿಲ್ಲ ಎಂದರು. 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ, ಭಾರತ ತಂಡದ ನಾಯಕರಾಗಿದ್ದ ಅಬ್ಬಾಸ್ ಮುಂತಾಸಿರ್ ಇದೇ ನಾಗಪಾಡಾದ ಗಲ್ಲಿಗಳಲ್ಲಿ ಆಡಿ ಬೆಳೆದವರು. ಅವರ ನಂತರವೂ ರಾಜ್ಯ, ರೈಲ್ವೆ, ದೇಶದ ತಂಡಗಳಿಗೆ ಈ ಅರ್ಧ ಚದರ ಮೈಲಿಯಿಂದ ಆಟಗಾರರು ಹೋಗುತ್ತಲೇ ಇದ್ದಾರೆ.

ಈ ಆಟ ಇಲ್ಲಿಗೆ ಹೇಗೆ ಬಂತು ಎಂದು ಹುಡುಕುತ್ತ ಹೋದರೆ ಒಳ್ಳೆಯ ನೂಲು ಸಿಗುತ್ತದೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಕಟ್ಟಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ. 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಬಕ್ ಕೂಡ ಅದೇ ಪರಂಪರೆಯವರು. ಇತ್ತ ಶಿಕಾಗೋದಲ್ಲಿ ಜೇನ್ ಆಡಮ್ಸ್ 1889ರಲ್ಲಿ ತೆರೆದ ‘ಹಲ್ ಹೌಸ್’ ಇತ್ತು. ವಲಸಿಗ ಕಾರ್ಮಿಕರ ನಡುವೆ ವಿದ್ಯಾವಂತರು ಬಂದು ನೆಲೆಸಿದ ಮನೆ. ಅಲ್ಲಿ ವ್ಯಾಯಾಮಶಾಲೆ ಇತ್ತು, ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡವೂ ಇತ್ತು. ಅದೇ ಶಿಕಾಗೋದಲ್ಲಿ ಓದಿದ ಮ್ಯಾನ್‌ಶಾರ್ಟ್ ಮುಂಬೈಗೆ ತಂದ ಕಲ್ಪನೆ ಇದೇ ಜಾತಿಯದು. ಹಸಿದವನಿಗೆ ಅನ್ನ, ರೋಗಿಗೆ ಔಷಧಿ ಕೊಡುವುದು ಧರ್ಮಕಾರ್ಯ. ಮೊಹಲ್ಲಾದ ಹುಡುಗರಿಗೆ ಒಂದು ಅಂಗಳ, ಒಂದು ಚೆಂಡು ಕೊಟ್ಟು ಸಂಜೆ ಅವರ ಜೊತೆ ನಿಲ್ಲುವುದು ಬೇರೆಯೇ ಶಿಸ್ತು. ಗಿರಣಿ ಊರಿನಲ್ಲಿ ಆಟಕ್ಕೆ ಜಾಗವೇ ಇರಲಿಲ್ಲ. ಕ್ರಿಕೆಟ್ಟಿಗೆ ಬಯಲು ಬೇಕು. ಬಾಸ್ಕೆಟ್‌ಬಾಲಿಗೆ ಎರಡು ಕಟ್ಟಡಗಳ ನಡುವಿನ ಅಂಗಳ ಸಾಕು, ಕಂಬಕ್ಕೊಂದು ಬಳೆ ಸಾಕು. ಮಿಷನರಿ ಹೋದರು, ಶಾಲೆ ದೇವನಾರ್‌ಗೆ ಹೋಯಿತು, ಗಿರಣಿಗಳು ಮುಚ್ಚಿದವು. ಆಟ ಮಾತ್ರ ಊರಿನ ಸ್ವತ್ತಾಗಿ ಉಳಿಯಿತು. ಅದಕ್ಕೆ ಇಂದು ಯಾವ ಸಮಾಜಕಾರ್ಯ ಶಾಲೆಯ ಬೋರ್ಡೂ ಬೇಕಿಲ್ಲ. ‘ಸಮುದಾಯದ ಮೇಲಿನ ಪರಿಣಾಮ’ ಎಂಬ ದೊಡ್ಡ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಟಿಸ್‌ನ ಒಳ್ಳೆಯ ಕೆಲಸಗಳೆಲ್ಲ ಹೀಗೇ ಕೈಬಿಟ್ಟು ಹೋದಂಥವು. ಅವರ ಮಾತಿನಲ್ಲಿ ‘ಫೀಲ್ಡ್ ಆಕ್ಷನ್ ಪ್ರಾಜೆಕ್ಟ್’. ಶಾಲೆಯ ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿ ಒಂದು ಕೆಲಸವನ್ನು ಸಣ್ಣದಾಗಿ ಮಾಡಿ ನೋಡುವುದು, ಗಟ್ಟಿಯಾದರೆ ಸರ್ಕಾರಕ್ಕೋ ಸ್ವತಂತ್ರ ಸಂಸ್ಥೆಗೋ ಒಪ್ಪಿಸಿಬಿಡುವುದು.

1984ರಲ್ಲಿ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯ ಒಳಗೇ ಶುರುವಾದ ಹೆಣ್ಣುಮಕ್ಕಳ ‘ಸ್ಪೆಷಲ್ ಸೆಲ್’ ನೋಡಿ. ಗಂಡ, ಅವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸಿದ 498ಎ ಕಲಂ ಐಪಿಸಿಗೆ ಸೇರಿ ಒಂದು ವರ್ಷವಷ್ಟೇ ಆಗಿತ್ತು. ಪೊಲೀಸ್ ಠಾಣೆಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಖಾಕಿ ಹಾಕದ ಒಬ್ಬ ಸಮಾಜಕಾರ್ಯಕರ್ತೆ. ಹೊಡೆತ ತಿಂದು ಬಂದವಳನ್ನು ಮೊದಲು ಕೂರಿಸಿ ಕೇಳುವುದು, ಅವಳಿಗೆ ಏನು ಬೇಕೋ ಅದನ್ನು ಅವಳ ಬಾಯಿಂದಲೇ ಬರೆದುಕೊಳ್ಳುವುದು, ಆಮೇಲೆ ಗಂಡನ ಮನೆಯವರನ್ನು ಕರೆಸುವುದು. ಇವರ ಕೆಲಸಗಳಲ್ಲಿ ಸ್ತ್ರೀಧನ ಬಿಡಿಸಿ ಕೊಡುವುದೂ ಒಂದು. ಪಟ್ಟಿ ಹಿಡಿದು, ಪೊಲೀಸರ ನೆರವು ಪಡೆದು, ಅವಳನ್ನೇ ಜೊತೆಗೆ ಕರೆದುಕೊಂಡು ಆ ಮನೆಗೆ ಹೋಗಿ ಸ್ಟೀಲ್ ಪಾತ್ರೆ, ಸೀರೆ, ಹೊಲಿಗೆ ಯಂತ್ರ, ಅವಳ ಅಂಕಪಟ್ಟಿಗಳನ್ನು ತರುವುದು. ಒಂದು ಅಂಕಪಟ್ಟಿ ಕೈಗೆ ಬಂದರೆ ಒಂದು ಕೆಲಸಕ್ಕೆ ಅರ್ಜಿ ಹಾಕಬಹುದು. 2005ರಿಂದ ಮಹಾರಾಷ್ಟ್ರ ಸರ್ಕಾರವೇ ಈ ಘಟಕಗಳನ್ನು ನಡೆಸುತ್ತಿದೆ, ಬೇರೆ ರಾಜ್ಯಗಳೂ ಈ ಮಾದರಿ ಹಿಡಿದಿವೆ.

ಮಕ್ಕಳ ಸಹಾಯವಾಣಿ 1098ರ ಕಥೆ ಎಲ್ಲರಿಗೂ ಗೊತ್ತು. 1996ರಲ್ಲಿ ಟಿಸ್‌ನ ಅಧ್ಯಾಪಕಿ ಜೆರೂ ಬಿಲಿಮೋರಿಯಾ ಮುಂಬೈಯ ಬೀದಿಮಕ್ಕಳ ಜೊತೆ ಸೇರಿ ಶುರು ಮಾಡಿದ ‘ಚೈಲ್ಡ್‌ಲೈನ್’. ಹತ್ತು-ಒಂಬತ್ತು-ಎಂಟು ಎಂದು ಇಳಿಕೆಯ ಎಣಿಕೆ; ಓದು ಬಾರದ ಮಗುವೂ ಮರೆಯುವುದಿಲ್ಲ. ದೇಶಕ್ಕೆಲ್ಲ ಹರಡಿ, 2023ರಲ್ಲಿ ಪೂರ್ತಿಯಾಗಿ ಸರ್ಕಾರದ ಕೈಗೆ ಹೋಗಿ ತುರ್ತು ಸಹಾಯದ 112ರ ಜೊತೆ ಜೋಡಣೆಯಾಯಿತು. ಈ ಕೊನೆಯ ಹೆಜ್ಜೆಯ ಬಗ್ಗೆ ನನಗೆ ಅನುಮಾನವಿದೆ. ಬಸ್ ಸ್ಟ್ಯಾಂಡಿನ ಮಗುವನ್ನು ಹೆಸರು ಹಿಡಿದು ಕರೆಯಬಲ್ಲ ಕಾರ್ಯಕರ್ತರು ಕಡಿಮೆಯಾದರೆ ಫೋನು ಎತ್ತುವವರಿದ್ದೂ ಪ್ರಯೋಜನವಿಲ್ಲ.

ಇನ್ನೊಂದು ‘ಕೋಶಿಶ್’. 2006ರಲ್ಲಿ ಭಿಕ್ಷುಕರ, ಮನೆಯಿಲ್ಲದವರ ನಡುವೆ ಕೆಲಸ ಶುರು ಮಾಡಿದ ತಂಡ. ಬಿಹಾರ ಸರ್ಕಾರ ತನ್ನ ಆಶ್ರಯಗೃಹಗಳ ಸಾಮಾಜಿಕ ಪರಿಶೋಧನೆ ಮಾಡಿಕೊಡಿ ಎಂದಾಗ ಈ ತಂಡದವರು ಕಡತ ತಿರುವಿಹಾಕಿ ಸುಮ್ಮನಾಗಲಿಲ್ಲ, ಒಳಗಿದ್ದವರ ಜೊತೆ ಕೂತು ಮಾತಾಡಿದರು. ಮುಜಫ್ಫರ್‌ಪುರದ ಬಾಲಿಕಾಗೃಹದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಘೋರ ಲೈಂಗಿಕ ದೌರ್ಜನ್ಯ 2018ರಲ್ಲಿ ಹೊರಬಿದ್ದದ್ದು ಹಾಗೆ. ಸುಪ್ರೀಂ ಕೋರ್ಟ್ ವಿಚಾರಣೆಯನ್ನು ದೆಹಲಿಗೆ ವರ್ಗಾಯಿಸಿತು. 2020ರ ಜನವರಿಯಲ್ಲಿ 19 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಬಾಗಿಲಲ್ಲಿ ಕೂತು ಮಳೆಯ ಮಾತು ಆಡಲು ಕಲಿಸುವ ಅದೇ ಶಿಸ್ತು ಆ ಹೆಣ್ಣುಮಕ್ಕಳ ಬಾಯಿ ಬಿಡಿಸಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇಂಥ ಸಂಸ್ಥೆಯಲ್ಲೇ 2024ರ ಜೂನ್‌ನಲ್ಲಿ ಅನುದಾನ ಬರಲಿಲ್ಲವೆಂದು ನೂರಕ್ಕೂ ಹೆಚ್ಚು ಅಧ್ಯಾಪಕರು, ಸಿಬ್ಬಂದಿಗೆ ಗುತ್ತಿಗೆ ಮುಗಿಯಿತು ಎಂಬ ಪತ್ರ ಹೋಯಿತು. ಗದ್ದಲವಾದ ಮೇಲೆ ಎರಡೇ ದಿನದಲ್ಲಿ ಹಿಂಪಡೆದರು. ಕೆಂಪು ಶಾಯಿಯಲ್ಲಿ ‘ಮತ್ತೆ ಹೋಗು’ ಎಂದು ಬರೆಯುವವರ ಕೆಲಸವೇ ವರ್ಷದಿಂದ ವರ್ಷಕ್ಕೆ ತೂಗುಯ್ಯಾಲೆಯಲ್ಲಿದ್ದರೆ ವಿದ್ಯಾರ್ಥಿ ಕಲಿಯುವುದು ಯಾರಿಂದ?

ನಮ್ಮಲ್ಲೂ ಈ ಪರಂಪರೆ ಸಣ್ಣದಲ್ಲ. ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರಿಂದ ಇದೆ, ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗವಿದೆ, ಬೆಂಗಳೂರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯು, ಇಲ್ಲದ ವಿಶ್ವವಿದ್ಯಾಲಯ ಹುಡುಕಬೇಕು. ಆದರೆ ಎಷ್ಟೋ ಕಡೆ ಫೀಲ್ಡ್ ವರ್ಕ್ ಎಂದರೆ ಹಾಜರಿ ಪುಸ್ತಕಕ್ಕೆ ಒಂದು ಸೀಲು, ಒಂದು ಜಾಥಾ, ಬ್ಯಾನರ್ ಹಿಡಿದ ಒಂದು ಫೋಟೊ ಎಂಬಲ್ಲಿಗೆ ಬಂದು ನಿಂತಿದೆ. ಇದರಲ್ಲಿ ಕಾಲೇಜುಗಳ ತಪ್ಪು ಅರ್ಧವಾದರೆ ಉಳಿದರ್ಧ ನಮ್ಮದು. ನಿಮ್ಮ ಪಂಚಾಯಿತಿಗೆ, ಆಸ್ಪತ್ರೆಗೆ, ಅಂಗನವಾಡಿಗೆ, ಠಾಣೆಗೆ ಎಂಎಸ್‌ಡಬ್ಲ್ಯು ವಿದ್ಯಾರ್ಥಿಯೊಬ್ಬರು ಪತ್ರ ಹಿಡಿದು ಬಂದರೆ ಸೀಲು ಒತ್ತಿ ಕಳಿಸಬೇಡಿ. ಕೂರಿಸಿ, ನಿಮ್ಮೂರಿನ ಒಂದು ಬಿಡಿಸಲಾಗದ ಕೆಲಸ ಕೊಡಿ, ಮುಂದಿನ ವಾರ ಮತ್ತೆ ಬರಲು ಹೇಳಿ.