ಸೊಸೈಟಿ ಯಾರದು, ಬ್ಯಾಂಕು ಯಾರದು?

ಬಾದನಹಟ್ಟಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡು ಕೈಗೆ ಬಂತು ಅಂದ್ಕೊಳ್ಳಿ. ಸೊಸೈಟಿಯಲ್ಲಿ ಇಡ್ತೀರೋ, ಸಹಕಾರಿ ಬ್ಯಾಂಕಲ್ಲೋ? ಎಲ್ಲಿಟ್ಟಿರಿ ಅನ್ನೋದರ ಮೇಲೆ ಅದನ್ನ ಕಾಯೋ ಕಾನೂನೇ ಬದಲಾಗುತ್ತೆ.

ಸಂವಿಧಾನದ 7ನೇ ಅನುಸೂಚಿ ನೋಡಿ. ಬ್ಯಾಂಕಿಂಗ್, ರಿಸರ್ವ್ ಬ್ಯಾಂಕ್ ಎರಡೂ ಕೇಂದ್ರದ ಪಟ್ಟಿಯಲ್ಲಿವೆ. ಸಹಕಾರ ಸಂಘಗಳು ರಾಜ್ಯದ ಪಟ್ಟಿಯಲ್ಲಿವೆ. ಹಾಗಾದ್ರೆ ಸಹಕಾರಿ ಬ್ಯಾಂಕು? ಜಗಳ ಇರೋದೇ ಇಲ್ಲಿ.

2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳ್ತು: ಸಹಕಾರಿ ಬ್ಯಾಂಕು ಮಾಡೋದೂ ಬ್ಯಾಂಕಿಂಗೇ, ಆ ವ್ಯವಹಾರಕ್ಕೆ ಕೇಂದ್ರ ಕಾನೂನು ಮಾಡಬಹುದು. ಅದೇ ವರ್ಷ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ತಿದ್ದಿ ರಿಸರ್ವ್ ಬ್ಯಾಂಕಿಗೆ ಇನ್ನಷ್ಟು ಅಧಿಕಾರ ಕೊಟ್ರು.

ಆದ್ರೆ 2021ರ ಜುಲೈನಲ್ಲಿ ಅದೇ ಕೋರ್ಟು ಕೇಂದ್ರಕ್ಕೂ ಗೆರೆ ಎಳೀತು. ಕನಿಷ್ಠ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಪಡೀದೆ ತಂದ ಸಂವಿಧಾನದ 97ನೇ ತಿದ್ದುಪಡಿಯ ಸಹಕಾರ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸಲ್ಲ ಅಂತು. ಸರಿಯಾದ ತೀರ್ಪು. 1905ರಲ್ಲೇ ಗದಗ ಹತ್ರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ಇದು. ಸಂಘದ ಆಡಳಿತ ದೆಹಲಿಗೆ ಹೋಗಬಾರದು.

ಇದಕ್ಕೊಂದು ಬೆಲೆಯೂ ಇದೆ. ಊರಿನ ಕೃಷಿ ಪತ್ತಿನ ಸಂಘಕ್ಕೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ತಾಗಲ್ಲ. ವಿಮೆ ಇರೋ ಬ್ಯಾಂಕು ಮುಳುಗಿದ್ರೆ 5 ಲಕ್ಷ ರೂಪಾಯಿವರೆಗೆ ಠೇವಣಿಗೆ ರಕ್ಷಣೆ ಸಿಗುತ್ತೆ. ಸೊಸೈಟಿಯಲ್ಲಿಟ್ಟ ಠೇವಣಿಗೆ ಆ ವಿಮೆ ಇಲ್ಲ. ದುಡ್ಡು ಕಟ್ಟೋ ಮುಂಚೆ ಕೇಳಿ: ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯಾ?