ಒತ್ತಿದರೂ ಓಡದ ಎಂಜಿನು

ಜ್ವರವು ರೋಗವಲ್ಲ, ರೋಗದ ಲಕ್ಷಣ ಎಂಬುದನ್ನು ನಾವೆಲ್ಲರೂ ಬಲ್ಲೆವು. ಮೈ ಬಿಸಿಯಾದೊಡನೆ ಕೈಗೆ ಸಿಕ್ಕ ಮಾತ್ರೆಯನ್ನು ನುಂಗಿಸುವವನು ವೈದ್ಯನೆನಿಸಲಾರನು. ಜ್ವರವು ಯಾವ ಹೊತ್ತಿನಲ್ಲಿ ಏರುತ್ತದೆ, ಅದರೊಡನೆ ಚಳಿಯುಂಟೆ, ಕೆಮ್ಮುಂಟೆ ಎಂದು ವಿಚಾರಿಸಿ, ಒಂದೊಂದೇ ಸಂಶಯವನ್ನು ಕಳೆಯುತ್ತ ಹೋಗುವವನೇ ವೈದ್ಯ. ಯಂತ್ರಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ಪೆಡಲನ್ನು ಒತ್ತಿದರೂ ವೇಗವೇರದೆ ತಡವರಿಸುವ ಹಳೆಯ ಟ್ರಕ್ಕು ಇದಕ್ಕೊಂದು ಒಳ್ಳೆಯ ನಿದರ್ಶನ.

ಹಿಂಬದಿಯಲ್ಲಿ ತೆರೆದ ತೊಟ್ಟಿಯುಳ್ಳ ಸಣ್ಣ ಟ್ರಕ್ಕನ್ನು ಅಮೆರಿಕದಲ್ಲಿ ‘ಪಿಕಪ್’ ಎನ್ನುತ್ತಾರೆ. ಅಲ್ಲಿಯ ರೈತರಿಗೂ ಕಸುಬುದಾರರಿಗೂ ಅದು ಮನೆಯ ಎತ್ತಿನಂತೆ. ಫೋರ್ಡ್ ಕಂಪೆನಿಯು ೧೯೬೫ರಲ್ಲಿ ಇಂಥ ವಾಹನಗಳಿಗಾಗಿ ೩೦೦ ಘನ ಅಂಗುಲದ, ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳಿರುವ ಎಂಜಿನೊಂದನ್ನು ಹೊರತಂದಿತು. ೧೯೮೭ರ ಮಾದರಿಯಲ್ಲಿ ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ಹೊಸ ಏರ್ಪಾಡು ಬರುವವರೆಗೆ, ಅದಕ್ಕೆ ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಉಣಿಸುತ್ತಿದ್ದುದು ಕಾರ್ಬುರೇಟರು. ಇಂಥ ಟ್ರಕ್ಕುಗಳು ಇಂದಿಗೂ ದುಡಿಯುತ್ತಿವೆ. ಗಂಟೆಗೆ ೬೦ ಮೈಲಿ ವೇಗದಲ್ಲಿ ವಾಹನಗಳು ಹರಿಯುವ ಹೆದ್ದಾರಿಯನ್ನು ಸೇರಬೇಕಾದಾಗ ಎಂಜಿನು ಒಂದು ಕ್ಷಣ ಉಸಿರು ಬಿಗಿಹಿಡಿದರೆ, ಅದು ಕೇವಲ ಕಿರಿಕಿರಿಯಲ್ಲ, ಪ್ರಾಣಾಪಾಯ.

ಇಂಥ ಸಂದರ್ಭದಲ್ಲಿ ಮೊದಲು ಅಪರಾಧಿಯ ಸ್ಥಾನದಲ್ಲಿ ನಿಲ್ಲುವುದು ಕಾರ್ಬುರೇಟರು. ಅದನ್ನು ಬಿಚ್ಚುತ್ತಾರೆ, ತಿರುಪುಗಳನ್ನು ತಿರುಗಿಸುತ್ತಾರೆ, ಕೊನೆಗೆ ಹೊಸತನ್ನೇ ಕೊಳ್ಳುತ್ತಾರೆ. ಆದರೂ ಟ್ರಕ್ಕು ಮೊದಲಿನಂತೆಯೇ ತೆವಳುವುದುಂಟು. ಏಕೆಂದರೆ ವಿಚಾರಣೆ ನಡೆಯುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ.

ಗಾಳಿ ಮುಂದೆ, ಪೆಟ್ರೋಲು ಹಿಂದೆ

ಕಾರ್ಬುರೇಟರಿನ ಕಂಠವು ನಡುವೆ ಕಿರಿದಾಗಿರುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಕುಗ್ಗುತ್ತದೆ. ಡೇನಿಯಲ್ ಬರ್ನೂಲಿಯು ೧೭೩೮ರಲ್ಲಿ ಪ್ರಕಟಿಸಿದ ತತ್ತ್ವವಿದು. ಹೀಗೆ ಒತ್ತಡ ಕುಗ್ಗಿದೆಡೆಗೆ ಪಕ್ಕದ ಬಟ್ಟಲಿನಿಂದ ಪೆಟ್ರೋಲು ಕಿರುನಳಿಗೆಯ ಮೂಲಕ ತಾನಾಗಿ ಚಿಮ್ಮುತ್ತದೆ. ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಸೇರಿದರೆ ಎರಡೂ ಶೇಷವಿಲ್ಲದೆ ಉರಿಯುತ್ತವೆ. ಹೆಚ್ಚಿನ ಶಕ್ತಿ ಬೇಕೆನಿಸಿದಾಗ ೧೨.೫ ಪಾಲು ಗಾಳಿಗೆ ಒಂದು ಪಾಲಿನಷ್ಟು ಗಟ್ಟಿಯಾದ ಮಿಶ್ರಣ ಬೇಕಾಗುತ್ತದೆ.

ಮೇಲೆ ಹೇಳಿದ ಎಂಜಿನಿನ ಆರು ಸಿಲಿಂಡರುಗಳ ಒಟ್ಟು ಗಾತ್ರ ೪.೯ ಲೀಟರು. ಅಷ್ಟನ್ನೂ ಅದು ಎರಡು ಸುತ್ತಿಗೊಮ್ಮೆ ಸೇದಿಕೊಳ್ಳುತ್ತದೆ. ನಿಮಿಷಕ್ಕೆ ೨,೪೦೦ ಸುತ್ತು ತಿರುಗುವಾಗ, ಸಿಲಿಂಡರುಗಳು ಪೂರ್ತಿ ತುಂಬುತ್ತವೆಂದು ಎಣಿಸಿದರೆ, ಸೆಕೆಂಡಿಗೆ ೯೮ ಲೀಟರು ಗಾಳಿ ಬೇಕು. ಪೆಡಲನ್ನು ಥಟ್ಟನೆ ಒತ್ತಿದೊಡನೆ ಥ್ರಾಟಲ್ ಕವಾಟ ತೆರೆದು ಹಗುರವಾದ ಗಾಳಿ ನುಗ್ಗುತ್ತದೆ. ಆದರೆ ಗಾಳಿಗಿಂತ ಸುಮಾರು ೬೦೦ ಪಟ್ಟು ಸಾಂದ್ರವಾದ ಪೆಟ್ರೋಲು ಹಿಂದುಳಿಯುತ್ತದೆ. ಅದರಲ್ಲಿಯೂ ಒಂದಂಶವು ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಈ ಕೊರತೆಯನ್ನು ನೀಗಿಸಲೆಂದೇ ಕಾರ್ಬುರೇಟರಿನೊಳಗೆ ಒಂದು ಪುಟ್ಟ ಪಂಪು ಇರುತ್ತದೆ. ಪೆಡಲು ಅಲುಗಿದೊಡನೆ ಅದು ಪಿಚಕಾರಿಯಂತೆ ಒಂದಿಷ್ಟು ಪೆಟ್ರೋಲನ್ನು ಹೆಚ್ಚಾಗಿ ಚಿಮ್ಮಿಸುತ್ತದೆ.

ಮೊದಲು ಕೇಳಬೇಕಾದ ಪ್ರಶ್ನೆಗಳು

ಎಂಜಿನು ಶಕ್ತಿಯನ್ನು ಉತ್ಪಾದಿಸುತ್ತಿಲ್ಲವೋ, ಉತ್ಪಾದಿಸಿದ ಶಕ್ತಿ ಚಕ್ರಗಳನ್ನು ಮುಟ್ಟುತ್ತಿಲ್ಲವೋ? ಇದು ಮೊದಲ ಪ್ರಶ್ನೆ. ಎಂಜಿನಿನ ಸದ್ದು ಏರುತ್ತಿದ್ದರೂ ಟ್ರಕ್ಕಿನ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿರಬಹುದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ನಡುಭಾಗವು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿಯ ಬ್ರೇಕು ಬಿಗಿದುಕೊಂಡಿದೆಯೆಂದು ತಿಳಿಯಬೇಕು. ಇವೆರಡಕ್ಕೂ ಕಾರ್ಬುರೇಟರಿಗೂ ಸಂಬಂಧವೇ ಇಲ್ಲ.

ಎರಡನೆಯದಾಗಿ, ಪೆಡಲನ್ನು ಕೊನೆಯವರೆಗೆ ಒತ್ತಿದಾಗ ಥ್ರಾಟಲ್ ಕವಾಟವು ಪೂರ್ತಿಯಾಗಿ ತೆರೆಯುತ್ತದೆಯೆ? ಎಂಜಿನನ್ನು ನಿಲ್ಲಿಸಿ, ಒಬ್ಬರು ಪೆಡಲನ್ನು ಒತ್ತಿ, ಇನ್ನೊಬ್ಬರು ನೋಡಬೇಕು. ಸವೆದ ಸಂಧಿಗಳು ಅಥವಾ ಪೆಡಲಿನಡಿಯಲ್ಲಿ ಮುದುಡಿದ ಚಾಪೆ, ಎಂಜಿನಿನ ಅರ್ಧ ಬಲವನ್ನೇ ಕಸಿದಿರಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ತೊಂದರೆ ಯಾವಾಗ ಕಾಣಿಸುತ್ತದೆ?

ಪೆಡಲನ್ನು ಒತ್ತಿದ ಕ್ಷಣದಲ್ಲಿ ಮಾತ್ರ ಮುಗ್ಗರಿಸಿ, ಅನಂತರ ಚೆನ್ನಾಗಿ ಓಡಿದರೆ ಸಂಶಯವು ಆ ಪುಟ್ಟ ಪಂಪಿನ ಮೇಲೆ ಬೀಳುತ್ತದೆ. ತಣ್ಣಗಿರುವ, ನಿಂತ ಎಂಜಿನಿನ ಗಾಳಿಶೋಧಕವನ್ನು ತೆಗೆದು ಥ್ರಾಟಲಿನ ಸನ್ನೆಯನ್ನು ಅಲುಗಿಸಿದರೆ, ಕಂಠದೊಳಗೆ ಪೆಟ್ರೋಲಿನ ಸಣ್ಣ ಧಾರೆ ತಡವಿಲ್ಲದೆ ಕಾಣಬೇಕು. ಆಗ ಸಮೀಪದಲ್ಲಿ ಬೆಂಕಿಯಿರಕೂಡದು. ಎಂಜಿನನ್ನು ಚಾಲೂ ಮಾಡುವಾಗ ಯಾರೂ ಕಂಠದೊಳಗೆ ಇಣುಕಕೂಡದು. ಜ್ವಾಲೆ ಹಿಮ್ಮುಖವಾಗಿ ಹಾರಬಹುದು.

ಮೊದಲು ಸರಾಗವಾಗಿ ಓಡಿ, ಉದ್ದನೆಯ ಏರಿನಲ್ಲಿ ಮೆಲ್ಲನೆ ಸೋತರೆ, ಬಟ್ಟಲಿನಲ್ಲಿದ್ದ ಪೆಟ್ರೋಲು ಮುಗಿಯುವಷ್ಟರಲ್ಲಿ ಹೊಸತು ಬಂದು ಸೇರುತ್ತಿಲ್ಲವೆಂದು ಅರ್ಥ. ಕಸ ಕಟ್ಟಿದ ಸೋಸುಕ, ಬಿರಿದ ರಬ್ಬರು ಕೊಳವೆ, ಬಲಗುಂದಿದ ಪಂಪು ಇವನ್ನು ನೋಡಬೇಕು. ತೊಟ್ಟಿಯ ಮುಚ್ಚಳವನ್ನು ಸಡಿಲಿಸಿದೊಡನೆ ಗಾಳಿ ‘ಸುಯ್’ ಎಂದು ಒಳನುಗ್ಗಿ ಟ್ರಕ್ಕು ಚೇತರಿಸಿಕೊಂಡರೆ, ತೊಟ್ಟಿ ಉಸಿರಾಡುವ ದ್ವಾರವೇ ಮುಚ್ಚಿಹೋಗಿತ್ತೆಂದು ತಿಳಿಯಬೇಕು.

ಎಲ್ಲ ಕಾಲದಲ್ಲಿಯೂ ಒಂದೇ ಸಮನೆ ನಿಶ್ಶಕ್ತವಾಗಿದ್ದರೆ ಕಿಡಿಯ ಹೊತ್ತನ್ನು ಪರೀಕ್ಷಿಸಬೇಕು. ಮಿಶ್ರಣವು ಉರಿಯಲು ಕಾಲ ಬೇಕು. ನಿಮಿಷಕ್ಕೆ ೬೦೦ ಸುತ್ತು ತಿರುಗುವ ದಂಡವು ಸೆಕೆಂಡಿನ ಸಾವಿರದ ಒಂದಂಶದಲ್ಲಿ ೩.೬ ಡಿಗ್ರಿ ಸರಿದರೆ, ೨,೪೦೦ ಸುತ್ತಿನಲ್ಲಿ ಅಷ್ಟೇ ಕಾಲಕ್ಕೆ ೧೪.೪ ಡಿಗ್ರಿ ಸರಿಯುತ್ತದೆ. ಆದುದರಿಂದ ವೇಗ ಹೆಚ್ಚಿದಂತೆ ಕಿಡಿಯು ಮುಂಚಿತವಾಗಿ ಹಾರಬೇಕು. ಇಂಥ ಎಂಜಿನುಗಳಲ್ಲಿ ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ತೂಕಗಳು ಕೇಂದ್ರಾಪಗಾಮಿ ಬಲದಿಂದ ಹೊರಚಾಚಿ ಈ ಕೆಲಸವನ್ನು ನಡೆಸುತ್ತವೆ. ಅವು ತುಕ್ಕು ಹಿಡಿದು ಅಂಟಿಕೊಂಡರೆ ನಿಂತಲ್ಲಿ ಎಂಜಿನು ಸೊಗಸಾಗಿ ತಿರುಗುತ್ತದೆ. ದಾರಿಯಲ್ಲಿ ಮಾತ್ರ ಸೋಲುತ್ತದೆ.

ಸೂಜಿ ಹೇಳುವ ಸತ್ಯ

ಕಿಡಿಯೂ ಸರಿಯಾಗಿದ್ದರೆ ನಿರ್ವಾತಮಾಪಕವೆಂಬ ಅಗ್ಗದ ಉಪಕರಣವು ನೆರವಾಗುತ್ತದೆ. ಸ್ವಸ್ಥವಾದ ಎಂಜಿನು ನಿಂತಲ್ಲಿ ತಿರುಗುವಾಗ, ಸಮುದ್ರಮಟ್ಟದಲ್ಲಿ ಅದರ ಸೂಜಿಯು ಪಾದರಸದ ೧೭ರಿಂದ ೨೧ ಅಂಗುಲದ ನಡುವೆ ಸ್ಥಿರವಾಗಿರುತ್ತದೆ. ಎತ್ತರ ಸಾವಿರ ಅಡಿ ಹೆಚ್ಚಿದಂತೆ ಸುಮಾರು ಒಂದು ಅಂಗುಲ ತಗ್ಗುತ್ತದೆ. ೫,೨೮೦ ಅಡಿ ಎತ್ತರದ ಡೆನ್ವರ್ ನಗರದಲ್ಲಿ ೧೪ ಅಂಗುಲವು ರೋಗವಲ್ಲ, ಆರೋಗ್ಯ! ಸೂಜಿಯು ಕ್ರಮಬದ್ಧವಾಗಿ ಮಿಡಿದರೆ ಒಂದು ಸಿಲಿಂಡರಿನ ಕವಾಟ ಸರಿಯಾಗಿ ಮುಚ್ಚುತ್ತಿಲ್ಲದಿರಬಹುದು. ಎಂಜಿನನ್ನು ೨,೫೦೦ ಸುತ್ತಿನಲ್ಲಿ ಹಿಡಿದಿಟ್ಟಾಗ ಸೂಜಿ ಮೆಲ್ಲಮೆಲ್ಲನೆ ಇಳಿಯತೊಡಗಿದರೆ ಹೊಗೆಕೊಳವೆಯಲ್ಲಿ ತಡೆಯಿರುವ ಸಂಭವವುಂಟು. ಉಸಿರು ಬಿಡಲಾಗದವನು ಉಸಿರು ಎಳೆದುಕೊಳ್ಳುವುದಾದರೂ ಹೇಗೆ?

ಇಷ್ಟೆಲ್ಲ ಆದ ಮೇಲೆ ಕಾರ್ಬುರೇಟರಿನ ಸರದಿ. ಈ ಕ್ರಮಕ್ಕೆ ಕಾರಣವುಂಟು. ತಡವಾದ ಕಿಡಿಯ ದೋಷವನ್ನು ಮಿಶ್ರಣ ಗಟ್ಟಿಮಾಡಿ ಮುಚ್ಚಲು ಹೊರಟರೆ ಒಂದು ದೋಷವಿದ್ದಲ್ಲಿ ಎರಡಾಗುತ್ತವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಟ್ಟುಕೊಂಡು ಮುಂದುವರಿಯಬೇಕು. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ನಿಯಮವೂ ಇದೇ ಅಲ್ಲವೆ?

ಇದು ದೂರದ ಅಮೆರಿಕಕ್ಕಷ್ಟೇ ಸೇರಿದ ಮಾತಲ್ಲ. ೨೦೨೦ರ ಏಪ್ರಿಲಿನಲ್ಲಿ ಹೊಸ ಹೊಗೆನಿಯಮಗಳು ಜಾರಿಗೆ ಬರುವ ಮುನ್ನ ನಮ್ಮಲ್ಲಿ ಮಾರಾಟವಾದ ಅಸಂಖ್ಯ ಸ್ಕೂಟರು, ಮೋಟಾರ್‌ಸೈಕಲ್ಲುಗಳಲ್ಲಿಯೂ ಕಾರ್ಬುರೇಟರೇ ಇದೆ. ಅಮೆರಿಕದ ಪೆಟ್ರೋಲಿನಲ್ಲಿ ಬಹುಮಟ್ಟಿಗೆ ಶೇಕಡ ೧೦ರಷ್ಟು ಎಥನಾಲು ಇರುತ್ತದೆ. ನಮ್ಮ ದೇಶವು ೨೦೨೫ರಲ್ಲಿ ಶೇಕಡ ೨೦ರ ಮಟ್ಟವನ್ನು ಮುಟ್ಟಿತು. ಎಥನಾಲು ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಆದಕಾರಣ ಶುದ್ಧ ಪೆಟ್ರೋಲಿಗೆಂದು ಅಳತೆಮಾಡಿದ ಹಳೆಯ ಕಿರುನಳಿಗೆಯಲ್ಲಿ ಮಿಶ್ರಣವು ತುಸು ತೆಳುವಾಗುತ್ತದೆ. ಹಳೆಯ ರಬ್ಬರಿನ ಭಾಗಗಳೂ ಅದರಿಂದ ಕೆಡಬಹುದು. ಮನೆಯ ಮುಂದಿನ ಹಳೆಯ ಸ್ಕೂಟರು ಏರಿನಲ್ಲಿ ಸೋತಾಗ ತಿರುಪುಳಿಯನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂಚೆ ‘ಯಾವಾಗ ಸೋಲುತ್ತದೆ?’ ಎಂದು ಕೇಳಿ ನೋಡಿರಿ. ಅರ್ಧ ಉತ್ತರ ಆ ಪ್ರಶ್ನೆಯಲ್ಲಿಯೇ ಸಿಗುತ್ತದೆ.