ನೈಫಿನ ಮನೆ, ಹತ್ತಾದ ಬಂಡಿ: ಊರಿಂದ ನೆಂಟರು ಬಂದಾಗ



ನವೆಂಬರ್ ಬಂತೆಂದರೆ ನಮ್ಮ ಯುಎಇ ಕನ್ನಡಿಗರ ಮನೆಗಳಲ್ಲಿ ಎರಡು ಸುಗ್ಗಿ ಒಟ್ಟಿಗೇ ಶುರುವಾಗುತ್ತವೆ. ಒಂದು ಕ್ಯಾಂಪಿಂಗ್ ಸುಗ್ಗಿ, ಇನ್ನೊಂದು ನೆಂಟರ ಸುಗ್ಗಿ. ಎರಡಕ್ಕೂ ಕಾಲ ಒಂದೇ, ಮಾರ್ಚ್ ಮುಗಿಯುವುದರೊಳಗೆ ಆಗಬೇಕು. ಆಮೇಲೆ ಬಿಸಿಲು ಯಾರನ್ನೂ ಹೊರಗೆ ಬಿಡುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿಬಿಟ್ಟರೆ ಹೇಗೆ? ನೆಂಟರನ್ನು ಮೋಟರ್‌ಹೋಮಿನಲ್ಲಿ (ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ವ್ಯಾನು) ಹತ್ತಿಸಿಕೊಂಡು ಊರು ತೋರಿಸಬಹುದೇ? ಬಹುದು. ಕಳೆದ ಚಳಿಗಾಲದಲ್ಲಿ ಸಾಗರದ ಕಡೆಯಿಂದ ಮಾವ-ಅತ್ತೆ ಬಂದಾಗ ನಾವು ಮಾಡಿದ್ದು ಅದನ್ನೇ. ಮಾವ ಎಂದರೆ ಅಮ್ಮನ ಅಣ್ಣ. ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಮೊದಲ ಫೀಸು ಕಟ್ಟಿದವರು. ವಯಸ್ಸು ಎಪ್ಪತ್ತೆರಡು, ಸಕ್ಕರೆ ಕಾಯಿಲೆ ಇದೆ, ದಿನಕ್ಕೆರಡು ಸಲ ಇನ್ಸುಲಿನ್. ಮತ್ತೊಮ್ಮೆ ಬರುತ್ತಾರೆಂಬ ನಂಬಿಕೆ ಅವರಿಗೂ ಇಲ್ಲ, ನಮಗೂ ಇಲ್ಲ. ಇದ್ದ ಮೂರು ವಾರ ಪೋಲಾಗಬಾರದಿತ್ತು.

ನೆಂಟರ ಕೈಗೆ ಟಿಕೆಟ್ ಬರುವ ಮೊದಲೇ ಹೇಳಬೇಕಾದ ಮಾತೊಂದಿದೆ. ಸೂಟ್‌ಕೇಸಿನಲ್ಲಿ ಗಸಗಸೆ ಬೇಡ! ನಮಗೆ ಅದು ಪಾಯಸದ ಸಾಮಾನು, ಇಲ್ಲಿನ ಕಾನೂನಿಗೆ ಮಾದಕ ವಸ್ತು. ಸಾಂಬಾರ್ ಪುಡಿ, ಗೊಜ್ಜಿನ ಪುಡಿಗೆ ಬೆರೆಸಿದ್ದರೂ ಬೇಡ. ವೀಳ್ಯದೆಲೆ, ಪಾನ್ ಕೂಡ ನಿಷಿದ್ಧ. ಅಡಿಕೆ ಬೆಳೆಗಾರರಿಗೆ ಈ ವಿಷಯ ಫೋನಿನಲ್ಲಿ ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು. "ಎಂತ ದೇಶ ಮಾರಾಯ, ಎಲೆ ಹಾಕಿದರೆ ಜೈಲಾ?" ಎಂದರು ಮಾವ. ಔಷಧಿಗಳನ್ನು ಡಾಕ್ಟರ ಚೀಟಿಯ ಜೊತೆಗೆ, ಅಂಗಡಿಯ ಪ್ಯಾಕಿಂಗಿನಲ್ಲೇ ತರಲಿ. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಇಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ವೀಸಾ ಜೊತೆಗೆ ಆರೋಗ್ಯ ವಿಮೆಯನ್ನೂ ಕೇಳಿ ತೆಗೆದುಕೊಳ್ಳಿ.

ಇನ್ನು ಊರು ನೋಡುವ ವಿಷಯ. ಬಂದ ಮರುದಿನವೇ ಬುರ್ಜ್ ಖಲೀಫಾಕ್ಕೆ ಓಡಿಸುವ ರೂಢಿ ನಮ್ಮಲ್ಲಿದೆ. 2010ರ ಜನವರಿಯಲ್ಲಿ ತೆರೆದ 828 ಮೀಟರಿನ ಕಟ್ಟಡ ಎಲ್ಲಿಗೂ ಓಡಿಹೋಗುವುದಿಲ್ಲ, ಕೊನೆಯ ವಾರ ನೋಡಿದರೂ ಅಷ್ಟೇ ಎತ್ತರ ಇರುತ್ತದೆ. ಮೊದಲ ಎರಡು ದಿನ ನೈಫಿನಲ್ಲೇ ಕಾಲ್ನಡಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ದೇರಾದ ಈ ಗಲ್ಲಿಗಳಲ್ಲಿ ಸೂಟ್‌ಕೇಸ್ ಅಂಗಡಿ, ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ, ಕೇರಳದ ಚಹಾ ಅಂಗಡಿ ಎಲ್ಲ ಒಂದರ ಮೇಲೊಂದು. ನೈಫ್ ಸೂಕ್ 2008ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಗಿತ್ತು, ಆಮೇಲೆ ಮತ್ತೆ ಕಟ್ಟಿದರು. ಪಕ್ಕದ ನೈಫ್ ಕೋಟೆಯಲ್ಲೇ 1956ರಲ್ಲಿ ದುಬೈ ಪೊಲೀಸ್ ಪಡೆ ಶುರುವಾದದ್ದು. ಅಲ್ಲಿಂದ ಚಿನ್ನದ ಸೂಕ್, ಮಸಾಲೆ ಸೂಕ್, ಅಲ್ ರಾಸ್‌ನಲ್ಲಿರುವ 1912ರ ಅಲ್ ಅಹ್ಮದಿಯಾ ಶಾಲೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಮಸಾಲೆ ಸೂಕ್‌ನಲ್ಲಿ ಮಾವ ಏಲಕ್ಕಿ ಚೀಲದ ಮುಂದೆ ಅರ್ಧ ಗಂಟೆ ನಿಂತರು. ಗ್ವಾಟೆಮಾಲಾದ ಏಲಕ್ಕಿ ಅರಬ್ ಮಾರುಕಟ್ಟೆಯನ್ನು ಹಿಡಿದುಕೊಂಡಿದ್ದು ಅವರು ಪೇಪರಿನಲ್ಲಿ ಓದಿದ ವಿಷಯ. ಕಣ್ಣಾರೆ ಕಂಡು, ಮೂಸಿ, "ಬಣ್ಣ ನಮ್ಮದಕ್ಕಿಂತ ಚೆಂದ, ಪರಿಮಳ ಕಮ್ಮಿ" ಎಂದು ತೀರ್ಪು ಕೊಟ್ಟರು. ಆಮೇಲೆ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ ಬರ್‌ದುಬೈ. ಇಡೀ ಪ್ರವಾಸದಲ್ಲಿ ಅತಿ ಅಗ್ಗದ, ನನ್ನ ಮಟ್ಟಿಗೆ ಅತಿ ಒಳ್ಳೆಯ ಸವಾರಿ ಅದೇ.

ಈಗ ಬಂಡಿಯ ಕಥೆಗೆ ಬರೋಣ. ಮೋಟರ್‌ಹೋಮನ್ನು ನೈಫಿಗೆ ತರುವ ಯೋಚನೆಯನ್ನೇ ಬಿಡಿ. ನಮ್ಮ ಗಲ್ಲಿಯಲ್ಲಿ ಸಣ್ಣ ಕಾರಿಗೇ ಜಾಗ ಹುಡುಕಿ ಮೂರು ಸುತ್ತು ಹೊಡೆಯಬೇಕು. ಭಾನುವಾರ ಪಾರ್ಕಿಂಗ್ ಪುಕ್ಕಟೆಯಾದ್ದರಿಂದ ಅವತ್ತಂತೂ ಕೇಳಲೇಬೇಡಿ. ಮೂರು ಮೀಟರ್ ಎತ್ತರದ ವಾಹನ ಯಾವ ಬೇಸ್‌ಮೆಂಟಿಗೂ ಇಳಿಯುವುದಿಲ್ಲ. ಬಾಡಿಗೆಯವರ ಯಾರ್ಡಿಗೆ ಕಾರಿನಲ್ಲಿ ಹೋಗಿ, ಸಾಮಾನು ಅಲ್ಲೇ ಬದಲಾಯಿಸಿಕೊಂಡು ಹೊರಡುವುದೇ ಸರಿ. ನಿಮ್ಮ ಲೈಸೆನ್ಸಿನ ದರ್ಜೆಗೆ ಆ ವಾಹನ ಒಳಪಡುತ್ತದೆಯೇ, ವಿಮೆ ಯಾರ ಹೆಸರಿಗಿದೆ, ಇವೆರಡನ್ನೂ ಬುಕ್ ಮಾಡುವ ಮುಂಚೆಯೇ ಕೇಳಿಕೊಳ್ಳಿ.

ಮೋಟರ್‌ಹೋಮ್ ಮರಳಿಗೆ ಇಳಿಯುವ ವಾಹನವಲ್ಲ ಎನ್ನುವುದನ್ನೂ ನೆನಪಿಡಿ. ಟೈರಿನ ಗಾಳಿಯನ್ನು 35 ಪಿಎಸ್‌ಐಯಿಂದ 15ರ ಆಸುಪಾಸಿಗೆ ಇಳಿಸಿ ದಿಬ್ಬ ಹತ್ತುವುದು ಫೋರ್ ವೀಲ್ ಡ್ರೈವ್‌ನವರ ಆಟ. ಮೂರೂವರೆ ಟನ್ನಿನ ನಮ್ಮ ಬಂಡಿ ಹೂತುಕೊಂಡರೆ ಎಳೆಯಲು ಕ್ರೇನೇ ಬರಬೇಕು. ಗಟ್ಟಿ ನೆಲ, ಡಾಂಬರು ಇದ್ದಲ್ಲೇ ನಿಲ್ಲಿಸಬೇಕು. ನಾವು ಆರಿಸಿಕೊಂಡಿದ್ದು ಹಜರ್ ಬೆಟ್ಟಗಳ ನಡುವಿನ ಹತ್ತಾ. ದುಬೈಗೇ ಸೇರಿದ್ದರೂ ಮುಖ್ಯ ಭಾಗದಿಂದ ಬೇರೆಯಾಗಿ ದೂರದಲ್ಲಿ ಕೂತಿರುವ ಊರು. ಹಳೆಯ ಇ-44 ರಸ್ತೆ ನಡುವೆ ಸ್ವಲ್ಪ ದೂರ ಒಮಾನ್ ನೆಲದ ಮೇಲೆ ಹಾದುಹೋಗುತ್ತದೆ, ಅಲ್ಲಿ ಚೆಕ್‌ಪೋಸ್ಟ್ ಇದೆ. ನೆಂಟರ ಪಾಸ್‌ಪೋರ್ಟು, ಬಾಡಿಗೆ ವಾಹನ ಎರಡೂ ಇರುವಾಗ ಆ ತಾಪತ್ರಯ ಯಾಕೆ? ಶಾರ್ಜಾ ಕಡೆಯಿಂದ ಇ-102 ಹಿಡಿದು ಮಲೀಹಾ ಮಾರ್ಗವಾಗಿ ಹೋಗಿ. ದಾರಿಯಲ್ಲೇ ಮಲೀಹಾ ಪುರಾತತ್ವ ಕೇಂದ್ರವಿದೆ. ಅದೇ ಸೀಮೆಯ ಫಾಯಾ ಪ್ರದೇಶ 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಾಲು ನೀಡಿಕೊಳ್ಳಲು, ಚಹಾ ಕುಡಿಯಲು ಒಳ್ಳೆಯ ಜಾಗ.

ಬಂಡಿ ಓಡಿಸುವುದು ಬೇಡ, ಬಂಡಿಯಲ್ಲಿ ಮಲಗಿದರೆ ಸಾಕು ಎನ್ನುವವರಿಗೂ ಹತ್ತಾದಲ್ಲಿ ದಾರಿ ಇದೆ. ಹತ್ತಾ ಸೆದ್ರ್ ಟ್ರೇಲರ್ಸ್ ಎಂಬಲ್ಲಿ ಟ್ರೇಲರುಗಳನ್ನೇ ಕೋಣೆಗಳನ್ನಾಗಿ ಮಾಡಿ ನಿಲ್ಲಿಸಿದ್ದಾರೆ. ತುಂಬಾ ವಯಸ್ಸಾದವರು, ಮಂಡಿನೋವಿನವರು ಇದ್ದರೆ ನಾನು ಅದನ್ನೇ ಸೂಚಿಸುತ್ತೇನೆ.

ಬಂಡಿಯೊಳಗಿನ ಬದುಕು ಪೂರ್ತಿ ಲೆಕ್ಕದ ಬದುಕು. ಮುಖ್ಯವಾಗಿ ನೀರು. ನಮ್ಮ ಬಂಡಿಯ ಟ್ಯಾಂಕ್ ನೂರು ಲೀಟರ್. ನಾಲ್ಕು ಜನ, ಎರಡು ದಿನ ಎಂದರೆ ತಲೆಗೆ ದಿನಕ್ಕೆ ಹನ್ನೆರಡೂವರೆ ಲೀಟರ್. ಕುಡಿಯಲು ಕ್ಯಾನ್ ನೀರು ಬೇರೆ ಒಯ್ದರೂ ಅಡುಗೆ, ಪಾತ್ರೆ, ಬಚ್ಚಲು ಎಲ್ಲ ಇದರಲ್ಲೇ ಆಗಬೇಕು. ಮನೆಯ ಶವರ್ ನಿಮಿಷಕ್ಕೆ ಎಂಟು-ಹತ್ತು ಲೀಟರ್ ಸುರಿಯುತ್ತದೆ. ಅದೇ ಅಭ್ಯಾಸದಲ್ಲಿ ಒಬ್ಬರು ಹತ್ತು ನಿಮಿಷ ನಿಂತರೆ ಟ್ಯಾಂಕೇ ಖಾಲಿ! ಇದನ್ನು ಮಾವನಿಗೆ ಹೇಗೆ ಹೇಳುವುದು, ದೊಡ್ಡವರಿಗೆ ನೀರು ಅಳೆದು ಕೊಟ್ಟ ಹಾಗಾಗುವುದಿಲ್ಲವೇ ಎಂದು ನನ್ನ ಹೆಂಡತಿಗೆ ಸಂಕೋಚ. ಮಾವ ಲೆಕ್ಕ ಕೇಳಿದ್ದೇ ತಡ, "ಒಂದು ಬಕೆಟ್, ಒಂದು ಚೊಂಬು ಕೊಡು" ಎಂದರು. ಆರು ಲೀಟರಿನಲ್ಲಿ ಸ್ನಾನ ಮುಗಿಯಿತು. ಚೊಂಬಿನ ಸ್ನಾನಕ್ಕೆ ಸಮನಾದ ತಂತ್ರಜ್ಞಾನ ಯಾವ ಮೋಟರ್‌ಹೋಮ್ ಕಂಪನಿಯೂ ಇನ್ನೂ ಕಂಡುಹಿಡಿದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ದುಬೈಯ ಕುಡಿಯುವ ನೀರು ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು ಎಂದು ಹೇಳಿದ ಮೇಲಂತೂ ಅತ್ತೆ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಪಾತ್ರೆ ತೊಳೆಯಲು ಇಟ್ಟುಕೊಂಡರು.

ಬಳಸಿದ ನೀರು ಬೇರೆ ಟ್ಯಾಂಕಿಗೆ ಹೋಗುತ್ತದೆ, ಶೌಚದ್ದು ಇನ್ನೊಂದು ಮುಚ್ಚಿದ ಡಬ್ಬಕ್ಕೆ. ಎರಡನ್ನೂ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಖಾಲಿ ಮಾಡಬೇಕು, ಮರಳಿಗೆ ಬಿಡುವಂತಿಲ್ಲ. ಶೌಚದ ಗುಂಡಿ ಒತ್ತುವುದು, ಮುಚ್ಚಳ ಎಳೆಯುವುದು ಇವನ್ನು ಹಗಲಲ್ಲೇ ಒಮ್ಮೆ ತೋರಿಸಿಕೊಡಿ. ಹಿರಿಯರು ರಾತ್ರಿ ಎದ್ದಾಗ ಕೇಳಲು ನಾಚಿಕೊಂಡು ಕತ್ತಲಲ್ಲಿ ಕಲ್ಲು ಗುಡ್ಡದ ಕಡೆ ಹೊರಟರೆ, ಅಪಾಯ ಅಲ್ಲೇ ಇರುವುದು.

ಕರೆಂಟಿನ ಲೆಕ್ಕವೂ ಹೀಗೇ. ಒಳಗಿನ ದೀಪ, ಪಂಪು, ಮೊಬೈಲ್ ಚಾರ್ಜು ಬ್ಯಾಟರಿಯಲ್ಲಿ ನಡೆಯುತ್ತವೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್, ಅಷ್ಟೇ. ಏಸಿ ಒಂದು ಗಂಟೆಯಲ್ಲಿ ಅದನ್ನು ಕುಡಿದುಬಿಡುತ್ತದೆ. ಹೊರಗಿನಿಂದ ಪ್ಲಗ್ ಸಿಗುವ ಕ್ಯಾರವಾನ್ ತಾಣವಿಲ್ಲದಿದ್ದರೆ ಮಿಕ್ಸಿಯನ್ನೂ ಮರೆತುಬಿಡಿ, ಚಟ್ನಿ ಮನೆಯಲ್ಲೇ ರುಬ್ಬಿಕೊಳ್ಳಿ. ಅವಲಕ್ಕಿ, ಚಟ್ನಿಪುಡಿ, ಮೊಸರು ಇದ್ದರೆ ಬೆಳಗಿನ ಚಿಂತೆ ಇಲ್ಲ. ಮಾವನ ಇನ್ಸುಲಿನ್ ಇದ್ದದ್ದರಿಂದ ಬಂಡಿಯ ಫ್ರಿಜ್ ರಾತ್ರಿಯಿಡೀ ಯಾವುದರಲ್ಲಿ ಓಡುತ್ತದೆ, ಗ್ಯಾಸಿನಲ್ಲೋ ಬ್ಯಾಟರಿಯಲ್ಲೋ ಎಂದು ನಾನು ಬಾಡಿಗೆಯವರ ಹತ್ತಿರ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಇನ್ಸುಲಿನ್ ಬಿಸಿಯಾಗಲೂ ಬಾರದು, ಹೆಪ್ಪುಗಟ್ಟಲೂ ಬಾರದು. ಫ್ರೀಜರಿಗೆ ತಾಗಿಸಿ ಇಡಬೇಡಿ.

ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಬೆಟ್ಟದಲ್ಲಿ ಜನವರಿಯ ರಾತ್ರಿ ಚೆನ್ನಾಗಿಯೇ ಚಳಿ ಇರುತ್ತದೆ. ಚಳಿ ಎಂದು ಬಾರ್ಬೆಕ್ಯೂ ಕೆಂಡವನ್ನು ಟೆಂಟಿನೊಳಗೆ, ಬಂಡಿಯೊಳಗೆ ತರಬಾರದು. ಒಲೆ ಹಚ್ಚಿಟ್ಟು ಮಲಗಲೂ ಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬಚ್ಚಲೊಲೆಯ ಕೆಂಡದ ಮುಂದೆ ಚಳಿ ಕಾಸಿ ಬೆಳೆದ ನಮ್ಮ ಹಿರಿಯರಿಗೆ ಇದು ಅತಿಯಾಯಿತು ಅನ್ನಿಸಬಹುದು. ಅವರ ಬಚ್ಚಲಿಗೆ ಹೊಗೆ ಹೋಗುವ ಕಿಂಡಿ ಇತ್ತು, ಇಲ್ಲಿ ಎಲ್ಲ ಕಡೆ ರಬ್ಬರ್ ಬಿಗಿದು ಮುಚ್ಚಿರುತ್ತದೆ. ಎರಡು ಕಂಬಳಿ ಹೆಚ್ಚಿಗೆ ಒಯ್ಯಿರಿ.

ಮಳೆಯ ಮುನ್ಸೂಚನೆ ಇದ್ದರೆ ಹತ್ತಾ ಬೇಡವೇ ಬೇಡ. ವಾದಿ ಎಂದರೆ ಒಣಗಿದ ಹೊಳೆಯ ಪಾತ್ರ. ಎಲ್ಲೋ ಬೆಟ್ಟದ ಮೇಲೆ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ನುಗ್ಗಿ ಬರುತ್ತದೆ. 2024ರ ಏಪ್ರಿಲ್ 16ರ ಮಳೆ ನಮಗೆಲ್ಲ ನೆನಪಿದೆ. ಅಲ್ ಐನ್ ಸೀಮೆಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದೇ ದಿನದೊಳಗೆ 254 ಮಿಲಿಮೀಟರ್ ಬಿತ್ತು. ತುಂಬಿ ಹರಿಯುವ ವಾದಿಗೆ ವಾಹನ ಇಳಿಸಿದರೆ 2023ರ ನಿಯಮದಂತೆ 2,000 ದಿರ್ಹಮ್ ದಂಡ, 23 ಕಪ್ಪು ಅಂಕ, 60 ದಿನ ವಾಹನ ಜಪ್ತಿ. ಒಣಗಿದ್ದಾಗಲೂ ರಾತ್ರಿ ತಂಗಲು ವಾದಿಯ ನಡುವಿನ ಸಮತಟ್ಟು ಜಾಗ ಆರಿಸಿಕೊಳ್ಳಬೇಡಿ. ಆಂಬುಲೆನ್ಸಿಗೆ 998, ಪೊಲೀಸರಿಗೆ 999. ಇವನ್ನು ನೆಂಟರ ಫೋನಿನಲ್ಲೂ ಹಾಕಿಡಿ.

ಹತ್ತಾದಲ್ಲಿ ನೋಡುವುದೇನು? ಕಾವಲು ಗೋಪುರಗಳು, ಹೆರಿಟೇಜ್ ವಿಲೇಜ್, ಅಣೆಕಟ್ಟು, ಅದರಲ್ಲಿ ದೋಣಿ. ಮಕ್ಕಳಿಗೆ ದೋಣಿ ಇಷ್ಟ. ಮಾವನಿಗೆ ಅಣೆಕಟ್ಟು. ಸಾಗರದವರಲ್ಲವೇ, ಲಿಂಗನಮಕ್ಕಿಯ ನೀರು 1964ರಲ್ಲಿ ಊರುಗಳನ್ನು ನುಂಗಿದ್ದು ಅವರು ಹುಡುಗನಾಗಿದ್ದಾಗ. ಅವರ ಮನೆಯೂ ಮುಳುಗಡೆಯಿಂದ ಎದ್ದು ಬಂದದ್ದೇ. ಬೋಳು ಕಲ್ಲು ಗುಡ್ಡಗಳ ನಡುವಿನ ಹಸಿರು ನೀರು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು, "ಇದಕ್ಕೆ ಹೊಳೆ ಎಲ್ಲಿದೆ ಮಾರಾಯ? ಕರೆಂಟ್ ಹೇಗೆ ತೆಗೆಯುತ್ತಾರೆ?"

ಒಳ್ಳೆಯ ಪ್ರಶ್ನೆ. ದುಬೈ ವಿದ್ಯುತ್ ಮತ್ತು ನೀರು ಪ್ರಾಧಿಕಾರ ಇಲ್ಲಿ ಕೈಗೊಂಡಿರುವುದು 250 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಅಂದರೆ ಗುಡ್ಡದ ಮೇಲೆ ಇನ್ನೊಂದು ಜಲಾಶಯ. ಬಿಸಿಲಿನಲ್ಲಿ ಸೌರ ವಿದ್ಯುತ್ ಮಿಕ್ಕಿದಾಗ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡುವುದು, ಬೇಡಿಕೆ ಹೆಚ್ಚಾದಾಗ ಅದೇ ನೀರನ್ನು ಇಳಿಸಿ ಟರ್ಬೈನ್ ತಿರುಗಿಸುವುದು. ಹೊಸ ಹೊಳೆ ಬೇಕಿಲ್ಲ, ಅದೇ ನೀರು ಹತ್ತುತ್ತ ಇಳಿಯುತ್ತ ಇರುತ್ತದೆ. ಇಳಿಯುವಾಗ ಸಿಗುವ ವಿದ್ಯುತ್ತು ಹತ್ತಿಸಲು ಬೇಕಾದದ್ದಕ್ಕಿಂತ ಕಡಿಮೆಯೇ, ಆದರೆ ಬೇಕಾದ ಹೊತ್ತಿಗೆ ಸಿಗುತ್ತದೆ. ಗುಡ್ಡವೇ ಒಂದು ಬ್ಯಾಟರಿ ಎಂದುಕೊಳ್ಳಿ. ನಾನು ಇಷ್ಟು ಹೇಳುವಷ್ಟರಲ್ಲಿ ಮಾವ, "ಓ, ನಮ್ಮಲ್ಲಿ ತಳಕಳಲೆಗೂ ಗೇರುಸೊಪ್ಪೆಗೂ ನಡುವೆ ಮಾಡ್ತೇವೆ ಅಂತ ಹೊರಟದ್ದು ಇದೇ ಅಲ್ವಾ!" ಎಂದರು. ಹೌದು, ಶರಾವತಿಯ 2,000 ಮೆಗಾವಾಟಿನ ಯೋಜನೆ ಇದೇ ತತ್ವದ್ದು. ಅಲ್ಲಿ ಅದಕ್ಕೆ ವಿರೋಧವಿರುವುದು ಕಾಡಿನ ಕಾರಣಕ್ಕೆ. "ಇಲ್ಲಿ ಕಡಿಯುವುದಕ್ಕೆ ಮರ ಎಲ್ಲಿದೆ? ಇಲ್ಲಿ ಸರಿ. ಅಲ್ಲಿ ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆ ಸಂಜೆ ಬಂಡಿಯ ಮೆಟ್ಟಿಲ ಮೇಲೆ ಕೂತು ಮುಳುಗಡೆಯ ದಿನಗಳ ಬಗ್ಗೆ ಎರಡು ಗಂಟೆ ಮಾತಾಡಿದರು. ಮನೆಯ ಹೆಂಚು ಇಳಿಸಿ ಗಾಡಿಗೆ ಹೇರಿದ್ದು, ದೇವರ ಪೆಟ್ಟಿಗೆ ಹೊತ್ತು ನಡೆದದ್ದು. ಮೂವತ್ತು ವರ್ಷಗಳಲ್ಲಿ ನಾನು ಇದನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಟಿವಿ ಇರಲಿಲ್ಲ, ಸಿಗ್ನಲ್ ಸರಿಯಾಗಿ ಇರಲಿಲ್ಲ, ಅದೂ ಒಂದು ಕಾರಣ ಇರಬಹುದು.

ಕೃಷಿಕರು ನೆಂಟರಾಗಿ ಬಂದರೆ ಅಲ್ ಐನ್ ಓಯಸಿಸ್ ತಪ್ಪಿಸಬೇಡಿ. ಒಂದು ಲಕ್ಷಕ್ಕೂ ಹೆಚ್ಚು ಖರ್ಜೂರದ ಮರ, ಅವಕ್ಕೆ ಫಲಜ್ ಎಂಬ ಕಾಲುವೆಗಳಲ್ಲಿ ಹೊತ್ತಿನ ಲೆಕ್ಕದ ಸರದಿಯಲ್ಲಿ ನೀರು. ಅಲ್ ಐನ್‌ನ ಈ ತಾಣಗಳು 2011ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅಡಿಕೆ ತೋಟದಲ್ಲಿ ಹೆಚ್ಚಿನ ನೀರನ್ನು ಬಸಿದು ಹೊರಗೆ ಹಾಕುವುದೇ ಕೆಲಸ, ಇಲ್ಲಿ ಹನಿಯನ್ನೂ ಒಳಗೆ ತರುವುದು ಕೆಲಸ. ಮಾವ ಚಪ್ಪಲಿ ಬಿಟ್ಟು ಕಾಲುವೆಯಂಚಿನಲ್ಲಿ ಕೂತರು. ಅಬುಧಾಬಿ ಕಡೆ ಹೋದರೆ ಶೇಖ್ ಜಾಯದ್ ಮಸೀದಿಗೆ (ಮೈತುಂಬ ಬಟ್ಟೆ, ಮೊದಲೇ ಬುಕಿಂಗ್), 2024ರಲ್ಲಿ ತೆರೆದ ಅಬು ಮುರೈಖಾದ ಬಿಎಪಿಎಸ್ ಮಂದಿರಕ್ಕೆ ಒಂದೇ ದಿನ ಸಾಕು. ಇವಕ್ಕೆ ಬಂಡಿ ಬೇಡ, ಕಾರೇ ಸರಿ.

ಕೊನೆಯದಾಗಿ ಚಿನ್ನದ ವಿಷಯ. ನೈಫಿನ ಪಕ್ಕದಲ್ಲೇ ಸೂಕ್ ಇರುವಾಗ ಯಾವ ಅತ್ತೆಯೂ ಸುಮ್ಮನೆ ಹಿಂದಿರುಗುವುದಿಲ್ಲ. ಆದರೆ ಭಾರತದ ಕಸ್ಟಮ್ಸಿನಲ್ಲಿ ಒಡವೆಗೆ ಇರುವ ಸುಂಕ ವಿನಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದವರಿಗೆ ಮಾತ್ರ. ಮೂರು ವಾರದ ಪ್ರವಾಸಿಗಳಿಗೆ ಅದು ಸಿಗುವುದಿಲ್ಲ. ಇದನ್ನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಹೇಳಿ, ಬಳೆ ಕೈಗೇರಿದ ಮೇಲಲ್ಲ. ಮೈಮೇಲೆ ತೊಟ್ಟು ಬಂದ ಹಳೆಯ ಒಡವೆಗಳ ಫೋಟೋ, ಬಿಲ್ಲು ಜೊತೆಗಿದ್ದರೆ ಮರಳುವಾಗ ಮಾತು ಕಡಿಮೆ. ನಮ್ಮ ಅತ್ತೆ ಲೆಕ್ಕ ಕೇಳಿ ನಾಲ್ಕು ಕಿಲೋ ಖರ್ಜೂರ, ಒಂದು ಡಬ್ಬಿ ಕೇಸರಿ ಕೊಂಡರು. ಮಾವ ಮಾತ್ರ ಮಸಾಲೆ ಸೂಕ್‌ಗೆ ಇನ್ನೊಮ್ಮೆ ಹೋಗಿ ನೂರು ಗ್ರಾಂ ಗ್ವಾಟೆಮಾಲಾ ಏಲಕ್ಕಿ ಕಟ್ಟಿಸಿಕೊಂಡರು. ಊರಿನ ಸೊಸೈಟಿಯಲ್ಲಿ ಎಲ್ಲರಿಗೂ ತೋರಿಸಬೇಕಂತೆ.